ಕಂಪ್ಯೂಟರ್ ನಮ್ಮದು, ಆಯ್ಕೆ ಯಾರದು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10ಕ್ಕೆ ನೀಡುತ್ತಿದ್ದ ಭದ್ರತಾ ಬೆಂಬಲವನ್ನು ಅಧಿಕೃತವಾಗಿ ನಿಲ್ಲಿಸಿತು. 2015ರಲ್ಲಿ ಬಿಡುಗಡೆಗೊಂಡು, ಹತ್ತು ವರ್ಷಗಳ ಕಾಲ ಜಗತ್ತಿನ ಕೋಟ್ಯಂತರ ಕಂಪ್ಯೂಟರ್‌ಗಳನ್ನು ನಡೆಸಿದ ತಂತ್ರಾಂಶವಿದು. ಅಡುಗೆ ಅನಿಲದ ಬೆಲೆ ಐವತ್ತು ರೂಪಾಯಿ ಏರಿದರೆ ನಮ್ಮ ಪಟ್ಟಣಗಳ ಪ್ರತಿ ಮನೆಯಲ್ಲೂ ಚರ್ಚೆಯಾಗುತ್ತದೆ. ಆದರೆ ಈ ಸುದ್ದಿ ಚರ್ಚೆಗೇ ಬರಲಿಲ್ಲ. ಕಾರಣವೂ ಇದೆ. ಬೆಂಬಲ ನಿಂತ ಮರುದಿನವೂ ಕಂಪ್ಯೂಟರ್ ಎಂದಿನಂತೆಯೇ ಚಾಲೂ ಆಯಿತು, ಪತ್ರಗಳು ಟೈಪ್ ಆದವು, ಪ್ರಿಂಟರ್ ಕೆಲಸ ಮಾಡಿತು. ಏನೂ ಬದಲಾದಂತೆ ಕಾಣಲಿಲ್ಲ. ಬದಲಾದದ್ದು ಕಣ್ಣಿಗೆ ಕಾಣಿಸದ ಸಂಗತಿ.

ಯಾವ ತಂತ್ರಾಂಶವೂ ದೋಷಮುಕ್ತವಲ್ಲ. ಅದರೊಳಗಿನ ಬಿರುಕುಗಳು ಒಂದೊಂದಾಗಿ ಪತ್ತೆಯಾಗುತ್ತಿರುತ್ತವೆ. ಪತ್ತೆಯಾದಾಗ ತಯಾರಿಸಿದ ಸಂಸ್ಥೆಯು ದುರಸ್ತಿ ಮಾಡಿ ಕಳುಹಿಸುತ್ತದೆ. ನಾವು ‘ಅಪ್‌ಡೇಟ್’ ಎಂದು ಕರೆಯುವುದು ಇದನ್ನೇ. ಬೆಂಬಲ ನಿಂತಿತೆಂದರೆ ಬಿರುಕುಗಳು ಪತ್ತೆಯಾಗುವುದು ನಿಲ್ಲುವುದಿಲ್ಲ, ದುರಸ್ತಿ ಮಾತ್ರ ನಿಲ್ಲುತ್ತದೆ. ಇದರ ಪರಿಣಾಮ ಏನೆಂಬುದನ್ನು ಜಗತ್ತು 2017ರಲ್ಲಿ ಕಂಡಿದೆ. ಆ ವರ್ಷದ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಕುತಂತ್ರಾಂಶವು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಅಧಿಕ ಕಂಪ್ಯೂಟರ್‌ಗಳಿಗೆ ಬೀಗ ಜಡಿದು, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಗಮನಿಸಬೇಕಾದ ಸಂಗತಿಯೇನೆಂದರೆ, ಆ ಬಿರುಕಿಗೆ ದುರಸ್ತಿಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿಯೇ ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸದವರು ಮತ್ತು ಬೆಂಬಲ ಕಳಕೊಂಡ ಹಳೆಯ ಆವೃತ್ತಿಗಳನ್ನು ಬಳಸುತ್ತಿದ್ದವರು ಬಲಿಯಾದರು.

ಇದು ದೊಡ್ಡ ಕಂಪೆನಿಗಳ ಸಮಸ್ಯೆ, ನಮಗೇನು ಎಂದು ಕೇಳುವವರಿದ್ದಾರೆ. ಅವರು ತಮ್ಮ ಊರಿನ ಮಸೀದಿಯ ಕಚೇರಿಯನ್ನೊಮ್ಮೆ ನೋಡಲಿ. ಅಲ್ಲಿ ಯಾರೋ ದಾನವಾಗಿ ಕೊಟ್ಟ ಹಳೆಯ ಕಂಪ್ಯೂಟರ್ ಇರುತ್ತದೆ. ಅದರಲ್ಲಿರುವ ವಿಂಡೋಸ್ ಹೆಚ್ಚಿನ ಸಂದರ್ಭಗಳಲ್ಲಿ ಹಣ ಕೊಟ್ಟು ಖರೀದಿಸಿದ್ದಲ್ಲ. ಅಂಗಡಿಯಾತ ಪೆನ್‌ಡ್ರೈವ್‌ನಿಂದ ಹಾಕಿಕೊಟ್ಟದ್ದು. ಪಾಸ್‌ವರ್ಡ್ ಇರುವುದಿಲ್ಲ, ಇದ್ದರೆ ಪರದೆಯ ಅಂಚಿನಲ್ಲಿ ಚೀಟಿಯಲ್ಲಿ ಅಂಟಿಸಲಾಗಿರುತ್ತದೆ. ಆ ಕಂಪ್ಯೂಟರಿನೊಳಗೆ ಏನಿದೆ? ಜಮಾಅತಿನ ಪ್ರತಿ ಕುಟುಂಬದ ವಿವರವಿದೆ. ನಿಕಾಹ್ ದಾಖಲೆಗಳಿವೆ. ತಲಾಕ್ ಮತ್ತು ಕೌಟುಂಬಿಕ ವಿವಾದಗಳ ಪತ್ರಗಳಿವೆ. ಝಕಾತ್ ಪಡೆದವರ ಪಟ್ಟಿ ಇದೆ. ವಿಧವೆಯರ, ಅನಾಥ ಮಕ್ಕಳ ಹೆಸರು, ಭಾವಚಿತ್ರ, ಆಧಾರ್ ಪ್ರತಿ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳಿವೆ. 2025ರ ಜೂನ್‌ನಲ್ಲಿ ಕೇಂದ್ರ ಸರಕಾರವು ‘ಉಮೀದ್’ ಪೋರ್ಟಲ್ ಆರಂಭಿಸಿ, ವಕ್ಫ್ ಆಸ್ತಿಗಳ ವಿವರ ದಾಖಲಿಸಲು ಆರು ತಿಂಗಳ ಗಡುವು ನೀಡಿದಾಗ, ತಲೆಮಾರುಗಳ ಆಸ್ತಿಪತ್ರಗಳು ಕೂಡ ಸ್ಕ್ಯಾನ್ ಆಗಿ ಇಂತಹ ಕಂಪ್ಯೂಟರ್‌ಗಳನ್ನು ಸೇರಿದವು. ಗಡುವಿನ ಅವಸರದಲ್ಲಿ ಸೈಬರ್ ಸೆಂಟರ್‌ಗಳಿಗೆ ಧಾವಿಸಿದ ಆಡಳಿತ ಸಮಿತಿಗಳಿಗೆ, ಆ ಕಡತಗಳ ಪ್ರತಿ ಅಲ್ಲಿಯೇ ಉಳಿಯಿತೇ ಎಂದು ವಿಚಾರಿಸುವಷ್ಟು ಪುರುಸೊತ್ತು ಇದ್ದೀತೇ?

ಝಕಾತ್ ಪಡೆಯುವವರ ಮಾನ ಕಾಪಾಡಬೇಕು, ಅವರನ್ನು ಸಾಲಿನಲ್ಲಿ ನಿಲ್ಲಿಸಿ ಫೋಟೋ ತೆಗೆಯಬಾರದು ಎಂಬ ತಿಳುವಳಿಕೆ ಸಮುದಾಯದಲ್ಲಿ ಈಗ ಬಹುಮಟ್ಟಿಗೆ ಮೂಡಿದೆ. ಒಳ್ಳೆಯದು. ಆದರೆ ಅದೇ ಜನರ ಪಟ್ಟಿಯನ್ನು ಬೀಗವಿಲ್ಲದ ಕಂಪ್ಯೂಟರಿನಲ್ಲಿ ಇಟ್ಟರೆ ಆ ಮಾನ ಉಳಿಯಿತೇ? ಕೊಟ್ಟವರೂ ಪಡೆದವರೂ ನಮ್ಮಲ್ಲಿ ನಂಬಿಕೆಯಿಟ್ಟು ಒಪ್ಪಿಸಿದ ಅಮಾನತ್ ಅದು. ಕಬ್ಬಿಣದ ಕಪಾಟಿನ ಕೀಲಿಕೈಯನ್ನು ಜಾಗ್ರತೆಯಿಂದ ಇಟ್ಟುಕೊಳ್ಳುವ ಕಾರ್ಯದರ್ಶಿಯು ಕಂಪ್ಯೂಟರಿನ ಬಗ್ಗೆಯೂ ಅಷ್ಟೇ ಜಾಗ್ರತೆ ವಹಿಸಬೇಕಲ್ಲವೇ?

ಕಂಪ್ಯೂಟರಿನ ಬಳಿಕ ಬ್ರೌಸರ್‌ನ ವಿಚಾರಕ್ಕೆ ಬರೋಣ. ಬ್ಯಾಂಕ್ ವ್ಯವಹಾರ, ವಿದ್ಯಾರ್ಥಿವೇತನದ ಅರ್ಜಿ, ಪಾಸ್‌ಪೋರ್ಟ್, ರೋಗದ ಬಗ್ಗೆ ಹುಡುಕಾಟ, ಮಕ್ಕಳ ಫಲಿತಾಂಶ ಎಲ್ಲವೂ ಸಾಗುವುದು ಬ್ರೌಸರ್‌ನ ಮೂಲಕ. ಇಷ್ಟು ಮುಖ್ಯವಾದ ಈ ಸಾಧನವನ್ನು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿ ಆಯ್ದುಕೊಂಡಿದ್ದೇವೆ? ಅಕ್ಕಿ ಕೊಳ್ಳುವಾಗ ಎರಡು ಅಂಗಡಿ ವಿಚಾರಿಸುವವರು, ಕಂಪ್ಯೂಟರಿನಲ್ಲಿ ಅಥವಾ ಫೋನಿನಲ್ಲಿ ಮೊದಲೇ ಇದ್ದ ಬ್ರೌಸರನ್ನೇ ಬಳಸುತ್ತಾ ಹೋಗುತ್ತೇವೆ. ನಮ್ಮ ಈ ಸ್ವಭಾವದ ಬೆಲೆ ಎಷ್ಟೆಂಬುದು ಅಮೆರಿಕದ ನ್ಯಾಯಾಲಯದಲ್ಲಿ ಬಹಿರಂಗವಾಗಿದೆ. ಫೋನ್‌ಗಳಲ್ಲಿ ಮತ್ತು ಬ್ರೌಸರ್‌ಗಳಲ್ಲಿ ತನ್ನ ಹುಡುಕಾಟ ಸೇವೆಯೇ ಮೊದಲ ಆಯ್ಕೆಯಾಗಿ ಇರಬೇಕೆಂಬ ಕಾರಣಕ್ಕಾಗಿ ಗೂಗಲ್ ಸಂಸ್ಥೆಯು 2021ರ ಒಂದೇ ವರ್ಷದಲ್ಲಿ 2,630 ಕೋಟಿ ಡಾಲರ್ ಪಾವತಿಸಿತ್ತು. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾರು, ಹುಡುಕಾಟದ ಕ್ಷೇತ್ರದಲ್ಲಿ ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ತೀರ್ಪು ನೀಡಿದರು. ಯಾವ ವ್ಯಾಪಾರಿಯೂ ಇಷ್ಟು ಹಣವನ್ನು ಸುಮ್ಮನೆ ಕೊಡುವುದಿಲ್ಲ. ಜನರು ಕೊಟ್ಟದ್ದನ್ನು ಬದಲಾಯಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿದೆ.

ಇಲ್ಲಿ ಎರಡು ವಿಷಯಗಳನ್ನು ಪ್ರತ್ಯೇಕವಾಗಿ ಅರ್ಥ ಮಾಡಿಕೊಳ್ಳುವ ಅಗತ್ಯವಿದೆ. ಒಂದು ಭದ್ರತೆ, ಇನ್ನೊಂದು ಗೌಪ್ಯತೆ. ಕಳ್ಳ ಒಳಗೆ ಬಾರದಂತೆ ತಡೆಯುವುದು ಭದ್ರತೆ. ಬಾಗಿಲು ಕಾಯುವವನೇ ನಾವು ಯಾವಾಗ ಹೊರಟೆವು, ಎಲ್ಲಿಗೆ ಹೋದೆವು, ಯಾರೊಂದಿಗೆ ಮಾತಾಡಿದೆವು ಎಂದು ಬರೆದಿಟ್ಟು ಮಾರದಂತೆ ನೋಡಿಕೊಳ್ಳುವುದು ಗೌಪ್ಯತೆ. ಗೂಗಲ್‌ನ ಕ್ರೋಮ್ ಬ್ರೌಸರ್ ಮೊದಲನೆಯ ವಿಷಯದಲ್ಲಿ ಬಹಳ ಸಮರ್ಥವಾಗಿದೆ. ಬಿರುಕು ಪತ್ತೆಯಾದರೆ ಬೇಗನೆ ದುರಸ್ತಿ ಬರುತ್ತದೆ. ಇದನ್ನು ಒಪ್ಪಿಕೊಳ್ಳುವುದು ನ್ಯಾಯ. ಪ್ರಶ್ನೆ ಇರುವುದು ಎರಡನೆಯ ವಿಷಯದಲ್ಲಿ.

ನಾವು ಒಂದು ಜಾಲತಾಣಕ್ಕೆ ಹೋದಾಗ, ಆ ತಾಣವಲ್ಲದೆ ಅದರಲ್ಲಿ ಜಾಹೀರಾತು ಹಾಕಿದ ಹತ್ತಾರು ಕಂಪೆನಿಗಳೂ ನಮ್ಮ ಬ್ರೌಸರ್‌ನಲ್ಲಿ ‘ಕುಕ್ಕಿ’ ಎಂಬ ಪುಟ್ಟ ಗುರುತುಚೀಟಿಗಳನ್ನು ಇಡುತ್ತವೆ. ನಾವು ಮುಂದೆ ಬೇರೆ ತಾಣಕ್ಕೆ ಹೋದರೂ ಆ ಚೀಟಿಯ ಮೂಲಕ ನಮ್ಮನ್ನು ಗುರುತಿಸುತ್ತವೆ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಬಗ್ಗೆ ಓದಿದವರಿಗೆ ಸಂಜೆ ಔಷಧಿಯ ಜಾಹೀರಾತು ಬರುವುದು ಹೀಗೆ. ಆಪಲ್‌ನ ಸಫಾರಿ 2017ರಿಂದ ಇದಕ್ಕೆ ತಡೆಯೊಡ್ಡತೊಡಗಿತು. ಮೊಝಿಲ್ಲಾದ ಫೈರ್‌ಫಾಕ್ಸ್ 2019ರಿಂದ ಈ ತಡೆಯನ್ನು ಎಲ್ಲ ಬಳಕೆದಾರರಿಗೂ ತಾನಾಗಿಯೇ ಅನ್ವಯಿಸಿತು. ಎರಡು ವರ್ಷಗಳೊಳಗೆ ತಾನೂ ಈ ಕುಕ್ಕಿಗಳನ್ನು ಕೈಬಿಡುವುದಾಗಿ ಗೂಗಲ್ 2020ರ ಜನವರಿಯಲ್ಲಿ ಪ್ರಕಟಿಸಿತು. ಅನಂತರ ಗಡುವನ್ನು ಮುಂದೂಡುತ್ತಾ ಬಂದು, 2024ರ ಜುಲೈಯಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಆಶ್ಚರ್ಯಪಡಬೇಕಿಲ್ಲ. ಜಾಹೀರಾತಿನಿಂದ ಬದುಕುವ ಸಂಸ್ಥೆಯೊಂದು ತನ್ನ ಆದಾಯದ ಬೇರಿಗೆ ತಾನೇ ಕೊಡಲಿ ಹಾಕೀತೇ?

‘ಇನ್‌ಕಾಗ್ನಿಟೋ’ ಎಂಬ ಖಾಸಗಿ ಕಿಟಕಿಯ ಬಗ್ಗೆಯೂ ನಮ್ಮ ಯುವಕರಲ್ಲಿ ಅತಿಯಾದ ನಂಬಿಕೆಯಿದೆ. ಅದು ನೋಡಿದ ಪುಟಗಳ ದಾಖಲೆಯನ್ನು ಅದೇ ಕಂಪ್ಯೂಟರಿನಲ್ಲಿ ಉಳಿಸುವುದಿಲ್ಲ, ಅಷ್ಟೇ. ಜಾಲತಾಣಗಳಿಗೆ, ಇಂಟರ್‌ನೆಟ್ ಒದಗಿಸುವ ಕಂಪೆನಿಗೆ, ಕಚೇರಿಯ ಜಾಲವನ್ನು ನಡೆಸುವವರಿಗೆ ನಮ್ಮ ಭೇಟಿಗಳು ಕಾಣಬಹುದು. ಈ ಕಿಟಕಿಯಲ್ಲೂ ಮಾಹಿತಿ ಸಂಗ್ರಹಿಸಲಾಗಿದೆ ಎಂದು ಅಮೆರಿಕದಲ್ಲಿ 2020ರಲ್ಲಿ ಹೂಡಲಾದ ಮೊಕದ್ದಮೆಯಲ್ಲಿ, ಗೂಗಲ್ ನೂರಾರು ಕೋಟಿ ದಾಖಲೆಗಳನ್ನು ನಾಶಪಡಿಸಲು ಅಥವಾ ಗುರುತು ಸಿಗದಂತೆ ಮಾಡಲು 2024ರಲ್ಲಿ ಒಪ್ಪಿಕೊಂಡಿತು.

ಹಾಗಂತ ಉಳಿದವರೆಲ್ಲ ಪ್ರಾಮಾಣಿಕರು ಎಂದು ತಿಳಿಯಬೇಕಿಲ್ಲ. ಗೌಪ್ಯತೆಯ ಹೆಸರಿನಲ್ಲೇ ಪ್ರಚಾರ ಪಡೆದ ಬ್ರೇವ್ ಬ್ರೌಸರ್, ಕೆಲವು ವಿಳಾಸಗಳನ್ನು ಟೈಪ್ ಮಾಡುವಾಗ ತನಗೆ ದಲ್ಲಾಳಿ ಹಣ ಬರುವ ಸಂಕೇತವನ್ನು ಸೇರಿಸುತ್ತಿದ್ದುದು 2020ರಲ್ಲಿ ಬಯಲಾಯಿತು. ಟೀಕೆಯ ಬಳಿಕ ಅದನ್ನು ಸರಿಪಡಿಸಿತು. ಡಕ್‌ಡಕ್‌ಗೋ ಸಂಸ್ಥೆಯ ಬ್ರೌಸರ್, ಮೈಕ್ರೋಸಾಫ್ಟ್‌ನೊಂದಿಗಿನ ಒಪ್ಪಂದದ ಕಾರಣಕ್ಕೆ ಅದರ ಕೆಲವು ಹಿಂಬಾಲಕ ಸಾಧನಗಳನ್ನು ತಡೆಯದೆ ಬಿಟ್ಟದ್ದು 2022ರಲ್ಲಿ ಸುದ್ದಿಯಾಯಿತು. ಅದೂ ತಿದ್ದಿಕೊಂಡಿತು. ಫೈರ್‌ಫಾಕ್ಸ್ ಅನ್ನು ನಡೆಸುವ ಮೊಝಿಲ್ಲಾದ ಆದಾಯದ ಬಹುಪಾಲು ಬರುವುದೇ ಗೂಗಲ್‌ನಿಂದ. ಎಲ್ಲಕ್ಕಿಂತ ಕಳವಳಕಾರಿಯಾದದ್ದು ಅವಾಸ್ಟ್‌ನ ಪ್ರಕರಣ. ವೈರಸ್‌ನಿಂದ ರಕ್ಷಿಸುತ್ತೇವೆ ಎಂದು ಕೋಟ್ಯಂತರ ಕಂಪ್ಯೂಟರ್‌ಗಳೊಳಗೆ ಪ್ರವೇಶ ಪಡೆದ ಈ ಸಂಸ್ಥೆ, ಬಳಕೆದಾರರು ಯಾವ ತಾಣಗಳಿಗೆ ಹೋದರೆಂಬ ವಿವರವನ್ನು ತನ್ನ ಅಂಗಸಂಸ್ಥೆಯ ಮೂಲಕ ಮಾರಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಅದರ ಮೇಲೆ 1 ಕೋಟಿ 65 ಲಕ್ಷ ಡಾಲರ್‌ಗಳ ಹೊರೆ ಹೊರಿಸಿತು.

ಆದ್ದರಿಂದ ಹೆಸರನ್ನು ಅಥವಾ ಜಾಹೀರಾತನ್ನು ನಂಬುವುದಕ್ಕಿಂತ ಕೆಲವು ಪ್ರಶ್ನೆಗಳನ್ನು ಕೇಳುವುದು ವಿವೇಕ. ಈ ತಂತ್ರಾಂಶವನ್ನು ತಯಾರಿಸುವವರಿಗೆ ಹಣ ಎಲ್ಲಿಂದ ಬರುತ್ತದೆ? ಅದರ ಒಳರಚನೆಯನ್ನು ಹೊರಗಿನ ತಜ್ಞರು ಪರಿಶೀಲಿಸಬಹುದೇ? ಅಪ್‌ಡೇಟ್ ನಿಯಮಿತವಾಗಿ ಬರುತ್ತಿದೆಯೇ? ನಾವೇನೂ ಬದಲಾಯಿಸದೆ ಬಿಟ್ಟರೂ ಅದು ನಮ್ಮನ್ನು ರಕ್ಷಿಸುತ್ತದೆಯೇ? ತಪ್ಪು ಬಯಲಾದಾಗ ತಿದ್ದಿಕೊಂಡಿತೇ? ಕುಂದುಗಳ ನಡುವೆಯೂ ಈ ಪ್ರಶ್ನೆಗಳಿಗೆ ಫೈರ್‌ಫಾಕ್ಸ್ ಉತ್ತಮವಾಗಿಯೇ ಉತ್ತರಿಸುತ್ತದೆ. ಬ್ರೇವ್ ಕೂಡ ಪರಿಗಣನೆಗೆ ಅರ್ಹ.

“ನಮ್ಮಲ್ಲಿ ಅಡಗಿಸುವಂಥದ್ದು ಏನಿದೆ? ನೋಡುವವರು ನೋಡಲಿ” ಎಂಬ ಮಾತು ನಮ್ಮ ಹಿರಿಯರಿಂದ ಆಗಾಗ ಕೇಳಿಬರುತ್ತದೆ. ಅದರ ಹಿಂದಿರುವುದು ನಿಷ್ಕಪಟ ಮನಸ್ಸು. ಆದರೆ ಜಗತ್ತು ಅಷ್ಟು ನಿಷ್ಕಪಟವಾಗಿಲ್ಲ. ನಮಾಝಿನ ಸಮಯ ಮತ್ತು ಕಿಬ್ಲಾದ ದಿಕ್ಕು ತಿಳಿಸುವ ‘ಮುಸ್ಲಿಮ್ ಪ್ರೋ’ ಆ್ಯಪನ್ನು ಒಂಬತ್ತು ಕೋಟಿಗೂ ಅಧಿಕ ಬಾರಿ ಡೌನ್‌ಲೋಡ್ ಮಾಡಲಾಗಿತ್ತು. ಅದರ ಬಳಕೆದಾರರ ಸ್ಥಳದ ಮಾಹಿತಿಯು ಎಕ್ಸ್-ಮೋಡ್ ಎಂಬ ದಲ್ಲಾಳಿ ಕಂಪೆನಿಗೆ ಹೋಗುತ್ತಿದ್ದುದನ್ನೂ, ಆ ಕಂಪೆನಿಯ ಮಾಹಿತಿಯು ಅಮೆರಿಕದ ಸೇನೆಗೆ ಸಂಬಂಧಿಸಿದ ಗುತ್ತಿಗೆದಾರರನ್ನು ತಲುಪುತ್ತಿದ್ದುದನ್ನೂ 2020ರ ನವೆಂಬರ್‌ನಲ್ಲಿ ‘ಮದರ್‌ಬೋರ್ಡ್’ ಪತ್ರಿಕೆ ಬಯಲಿಗೆಳೆಯಿತು. ಆ್ಯಪ್‌ನವರು ಆ ಸಂಬಂಧವನ್ನು ಕಡಿದುಕೊಳ್ಳುವುದಾಗಿ ಹೇಳಿದರು. ದಿನಕ್ಕೆ ಐದು ಬಾರಿ ಆ ಆ್ಯಪ್ ತೆರೆದವರಲ್ಲಿ ಅಡಗಿಸುವಂಥದ್ದು ಏನಿತ್ತು? ಏನೂ ಇರಲಿಲ್ಲ. ಆದರೂ ಅವರು ಎಲ್ಲಿದ್ದಾರೆಂಬುದು ಯಾರದೋ ಸರಕಾಯಿತು.

ಇನ್ನು 2021ರ ಜುಲೈ ಮತ್ತು 2022ರ ಜನವರಿಯ ಘಟನೆಗಳನ್ನು ಮರೆಯಲು ಸಾಧ್ಯವೇ? ಮುಸ್ಲಿಮ್ ಪತ್ರಕರ್ತೆಯರ, ಹೋರಾಟಗಾರ್ತಿಯರ, ವಿದ್ಯಾರ್ಥಿನಿಯರ ಭಾವಚಿತ್ರಗಳನ್ನು ‘ಸುಲ್ಲಿ ಡೀಲ್ಸ್’ ಮತ್ತು ‘ಬುಲ್ಲಿ ಬಾಯಿ’ ಎಂಬ ಹೆಸರಿನಲ್ಲಿ ಹರಾಜಿಗಿಟ್ಟು ಅವಮಾನಿಸಲಾಯಿತು. ಎರಡನೆಯ ಪ್ರಕರಣದಲ್ಲಿ ಮುಂಬೈ ಪೊಲೀಸರು ಬೆಂಗಳೂರಿನಿಂದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನನ್ನೂ ಬಂಧಿಸಿದ್ದರು. ಬ್ರೌಸರ್ ಬದಲಾಯಿಸಿದ್ದರೆ ಈ ಅಪರಾಧ ತಪ್ಪುತ್ತಿತ್ತು ಎಂದು ನಾವು ಹೇಳುತ್ತಿಲ್ಲ. ಆ ಚಿತ್ರಗಳು ಸಾಮಾಜಿಕ ಜಾಲತಾಣಗಳಲ್ಲಿ ಬಹಿರಂಗವಾಗಿಯೇ ಇದ್ದವು. ತಪ್ಪು ಚಿತ್ರ ಹಾಕಿದವರದ್ದಲ್ಲ, ಕದ್ದವರದ್ದು. ಇದನ್ನು ನೆಪವಾಗಿಸಿ ಹೆಣ್ಣುಮಕ್ಕಳ ಕೈಯಿಂದ ಫೋನು, ಕಂಪ್ಯೂಟರ್ ಕಸಿದುಕೊಳ್ಳುವುದು ಇನ್ನೊಂದು ಅನ್ಯಾಯವಾದೀತು. ಆದರೆ ನಮಗೆ ಸಾಮಾನ್ಯವೆನಿಸುವ ಮಾಹಿತಿಯು ದ್ವೇಷ ತುಂಬಿದವರ ಕೈಯಲ್ಲಿ ಆಯುಧವಾಗುತ್ತದೆ ಎಂಬ ಪಾಠವನ್ನು ಈ ಘಟನೆಗಳು ಕಲಿಸಿವೆ. ಭಾವಚಿತ್ರಕ್ಕೆ ಅನ್ವಯಿಸುವ ಈ ಮಾತು ವಿಳಾಸಕ್ಕೆ, ಫೋನ್ ಸಂಖ್ಯೆಗೆ, ಜಮಾಅತಿನ ಪಟ್ಟಿಗೆ ಅನ್ವಯಿಸುವುದಿಲ್ಲವೇ?

ಗೌಪ್ಯತೆಯು ಯಾರದೋ ಕೃಪೆಯಲ್ಲ, ಹಕ್ಕು. 2017ರ ಆಗಸ್ಟ್ 24ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಸಂವಿಧಾನದತ್ತ ಮೂಲಭೂತ ಹಕ್ಕು ಎಂದು ಸರ್ವಾನುಮತದಿಂದ ಸಾರಿತು. ಆ ತೀರ್ಪಿಗೆ ಕಾರಣವಾದ ಅರ್ಜಿ ಸಲ್ಲಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ನ್ಯಾಯಾಲಯದ ಮೆಟ್ಟಿಲೇರಿದ್ದರು. ಅವರು 2024ರಲ್ಲಿ ನಿಧನರಾದರು. ದೇಶದ ಪ್ರತಿಯೊಬ್ಬರಿಗೂ ಅವರು ಬಿಟ್ಟುಹೋದ ಈ ಹಕ್ಕಿನ ಬಗ್ಗೆ ಅವರದೇ ರಾಜ್ಯದ ನಮಗೆ ಎಷ್ಟು ಅರಿವಿದೆ? ತೀರ್ಪಿನ ಆರು ವರ್ಷಗಳ ಬಳಿಕ, 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಕಂಪೆನಿಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಅಲ್ಲಿಂದ ಮತ್ತೆ ಹದಿನೆಂಟು ತಿಂಗಳ ಅವಧಿ ನೀಡಲಾಯಿತು. ಮೇಲಾಗಿ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗಾಗಿ ತನ್ನ ಯಾವುದೇ ಸಂಸ್ಥೆಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರ ಸರಕಾರವು ಆ ಕಾಯ್ದೆಯಲ್ಲಿ ತನ್ನ ಕೈಯಲ್ಲೇ ಇಟ್ಟುಕೊಂಡಿದೆ. ಕಾನೂನು ಸುಧಾರಿಸಬೇಕೆಂದು ಒತ್ತಾಯಿಸುವುದು ನಮ್ಮ ಹಕ್ಕು. ಆದರೆ ಅದು ಸುಧಾರಿಸುವವರೆಗೆ ಬಾಗಿಲು ತೆರೆದಿಟ್ಟು ಕಾಯುವುದು ಬುದ್ಧಿವಂತಿಕೆಯಲ್ಲ.

ಹಾಗಾದರೆ ಏನು ಮಾಡಬಹುದು? ಹೆಚ್ಚಿನವು ಒಂದು ಸಂಜೆಯಲ್ಲಿ, ಖರ್ಚಿಲ್ಲದೆ ಮುಗಿಯುವ ಕೆಲಸಗಳು. ಕಂಪ್ಯೂಟರಿನಲ್ಲಿಯೂ ಆ್ಯಂಡ್ರಾಯ್ಡ್ ಫೋನಿನಲ್ಲಿಯೂ ಫೈರ್‌ಫಾಕ್ಸ್ ಅಳವಡಿಸಿ, ಅದಕ್ಕೆ ‘ಯುಬ್ಲಾಕ್ ಒರಿಜಿನ್’ ಎಂಬ ಉಚಿತ ಸಾಧನವನ್ನು ಸೇರಿಸಿದರೆ ಜಾಹೀರಾತುಗಳ ಹಿಂಬಾಲಿಕೆ ಬಹುಪಾಲು ನಿಲ್ಲುತ್ತದೆ. ಮೋಸದ ಜಾಹೀರಾತನ್ನು ಒತ್ತಿ ಹಣ ಕಳಕೊಳ್ಳುವ ಅಪಾಯವೂ ತಗ್ಗುತ್ತದೆ. ಇತರ ‘ಎಕ್ಸ್‌ಟೆನ್ಶನ್’ಗಳನ್ನು ಕಂಡಕಂಡಲ್ಲಿಂದ ಹಾಕಿಕೊಳ್ಳಬಾರದು. ನಾವು ನೋಡುವ ಪ್ರತಿ ಪುಟವನ್ನೂ ಓದುವ ಅಧಿಕಾರ ಅವುಗಳಲ್ಲಿ ಅನೇಕಕ್ಕೆ ಇರುತ್ತದೆ. ಬ್ಯಾಂಕಿನ ವ್ಯವಹಾರಕ್ಕೆ ಪ್ರತ್ಯೇಕ ಬ್ರೌಸರ್ ಇಟ್ಟುಕೊಳ್ಳುವುದು ಒಳ್ಳೆಯ ರೂಢಿ. ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಕಂಡೊಡನೆ ತಾಣವು ಪ್ರಾಮಾಣಿಕವೆಂದು ತಿಳಿಯಬಾರದು. ಮಾಹಿತಿಯು ದಾರಿಯಲ್ಲಿ ಯಾರಿಗೂ ಓದಲಾಗದಂತೆ ಸಾಗುತ್ತಿದೆ ಎಂದಷ್ಟೇ ಅದರ ಅರ್ಥ. ಇನ್ನೊಂದು ತುದಿಯಲ್ಲಿ ಕುಳಿತಿರುವವನು ಕಳ್ಳನೂ ಆಗಿರಬಹುದು. ಆದ್ದರಿಂದ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಬೇಕು.

ಕಂಪ್ಯೂಟರಿನ ವಿಷಯಕ್ಕೆ ಬಂದರೆ, ವಿಂಡೋಸ್ 10 ಇರುವವರು ಮೊದಲು ತಮ್ಮ ಯಂತ್ರವು ವಿಂಡೋಸ್ 11ಕ್ಕೆ ಅರ್ಹವೇ ಎಂದು ನೋಡಬೇಕು. 2018ಕ್ಕಿಂತ ಹಿಂದಿನ ಹೆಚ್ಚಿನ ಯಂತ್ರಗಳು ಅರ್ಹವಾಗುವುದಿಲ್ಲ. ಮನೆಬಳಕೆದಾರರು ನೋಂದಾಯಿಸಿಕೊಂಡರೆ ಒಂದು ವರ್ಷ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತ್ತು. ಅದು ತಾತ್ಕಾಲಿಕ ಆಸರೆ ಮಾತ್ರ. ಯಂತ್ರ ಗಟ್ಟಿಯಾಗಿದ್ದು ಹೊಸದನ್ನು ಕೊಳ್ಳುವ ಶಕ್ತಿ ಇಲ್ಲದವರಿಗೆ ಲಿನಕ್ಸ್ ಉತ್ತಮ ದಾರಿ. ‘ಲಿನಕ್ಸ್ ಮಿಂಟ್’, ‘ಉಬುಂಟು’ ಮುಂತಾದವು ಸಂಪೂರ್ಣ ಉಚಿತ. ಪತ್ರ ಬರೆಯಲು, ಲೆಕ್ಕ ಇಡಲು, ಕನ್ನಡದಲ್ಲಿ ಟೈಪ್ ಮಾಡಲು ಬೇಕಾದದ್ದೆಲ್ಲ ಅವುಗಳಲ್ಲಿ ಇದೆ. ಇದು ತಜ್ಞರಿಗೆ ಮಾತ್ರ ಎಂಬ ಭಯ ಬೇಡ. ನೆರೆಯ ಕೇರಳದ ಸರಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಇದನ್ನೇ ಬಳಸಿ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಟ್ಯಾಲಿಯಂತಹ ಕೆಲವು ತಂತ್ರಾಂಶಗಳು ವಿಂಡೋಸನ್ನೇ ಬಯಸುತ್ತವೆ ಎಂಬುದು ನಿಜ. ಅಂತಹ ಅಗತ್ಯವಿರುವ ವ್ಯಾಪಾರಿಗಳು ಅಧಿಕೃತ ವಿಂಡೋಸನ್ನೇ ಖರೀದಿಸಲಿ. ಕದ್ದ ತಂತ್ರಾಂಶವು ಭದ್ರತೆಯ ದೃಷ್ಟಿಯಿಂದಲೂ ಅಪಾಯಕಾರಿ, ನೈತಿಕತೆಯ ದೃಷ್ಟಿಯಿಂದಲೂ ಒಪ್ಪತಕ್ಕದ್ದಲ್ಲ. ಅಂಗಡಿಯಿಂದ ಕದ್ದ ಕಬ್ಬಿಣವನ್ನು ಮಸೀದಿಯ ಕಟ್ಟಡಕ್ಕೆ ಬಳಸಲು ಒಪ್ಪದ ನಾವು, ಮಸೀದಿಯ ಕಚೇರಿಯಲ್ಲಿ ಕದ್ದ ತಂತ್ರಾಂಶವನ್ನು ಹೇಗೆ ಸಹಿಸುತ್ತೇವೆ?

ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಬೆಲೆಯೊಂದಿಗೆ ಅದರ ತಯಾರಿಕೆಯ ವರ್ಷವನ್ನೂ ವಿಚಾರಿಸಬೇಕು. ಅದರಲ್ಲಿರುವುದನ್ನೆಲ್ಲ ಅಳಿಸಿ, ವಿಂಡೋಸ್ ಅಥವಾ ಲಿನಕ್ಸನ್ನು ಹೊಸದಾಗಿ ಅಳವಡಿಸಿದ ಬಳಿಕವೇ ಬಳಸಬೇಕು. ಮಾರುವವರೂ ತಮ್ಮ ಕಡತಗಳನ್ನು ಪೂರ್ಣವಾಗಿ ಅಳಿಸಿಯೇ ಕೊಡಬೇಕು. ಸೈಬರ್ ಸೆಂಟರ್‌ನಲ್ಲಿ ಅಥವಾ ಝೆರಾಕ್ಸ್ ಅಂಗಡಿಯಲ್ಲಿ ಆಧಾರ್ ಪ್ರಿಂಟ್ ತೆಗೆಸಿದ ಬಳಿಕ, ಆ ಕಡತವನ್ನು ನಮ್ಮೆದುರೇ ಅಳಿಸುವಂತೆ ಕೇಳಿಕೊಳ್ಳಲು ಸಂಕೋಚಪಡಬಾರದು. ಮೋಸದಿಂದ ಹಣ ಕಳಕೊಂಡವರು ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ 1930 ಸಹಾಯವಾಣಿಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಮರಳುವ ಸಾಧ್ಯತೆ ಕ್ಷೀಣಿಸುತ್ತದೆ.

ಅನುಮತಿ ಪಡೆಯದೆ ಅನ್ಯರ ಮನೆಯನ್ನು ಪ್ರವೇಶಿಸಬಾರದು, ಇತರರ ಗುಟ್ಟುಗಳನ್ನು ಕೆದಕಬಾರದು ಎಂಬ ಶಿಸ್ತನ್ನು ಧರ್ಮವೇ ಕಲಿಸಿರುವ ಸಮುದಾಯ ನಮ್ಮದು. ಇತರರ ಖಾಸಗಿತನವನ್ನು ಗೌರವಿಸುವ ಹೊಣೆ ಎಷ್ಟು ದೊಡ್ಡದೋ, ನಮ್ಮನ್ನು ನಂಬಿದವರ ಖಾಸಗಿತನವನ್ನು ಕಾಯುವ ಹೊಣೆಯೂ ಅಷ್ಟೇ ದೊಡ್ಡದು. ನಮ್ಮ ಸಮುದಾಯದಲ್ಲಿ ಇಂದು ಇಂಜಿನಿಯರ್‌ಗಳಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಕಂಪೆನಿಗಳ ಕಂಪ್ಯೂಟರ್ ಜಾಲಗಳನ್ನು ಕಾಯುವ ಯುವಕ ಯುವತಿಯರು ನಮ್ಮ ಮನೆಗಳಲ್ಲಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ಅವರು ಒಂದು ದಿನವನ್ನು ತಮ್ಮ ಜಮಾಅತಿನ, ಮದ್ರಸದ, ಟ್ರಸ್ಟಿನ ಕಂಪ್ಯೂಟರಿಗಾಗಿ ಮೀಸಲಿಡಬಾರದೇಕೆ? ಆಡಳಿತ ಸಮಿತಿಗಳು ತಮ್ಮ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಲಿ. ಯಾವ ಮಾಹಿತಿ ನಮ್ಮಲ್ಲಿದೆ, ಅದರಲ್ಲಿ ನಿಜಕ್ಕೂ ಅಗತ್ಯವಾದದ್ದು ಎಷ್ಟು, ಅದನ್ನು ಯಾರು ತೆರೆಯಬಹುದು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕಂಡುಕೊಳ್ಳಲಿ. ಅಗತ್ಯವಿಲ್ಲದ ಆಧಾರ್ ಪ್ರತಿಗಳನ್ನು ಅಳಿಸಿಹಾಕಲಿ. ಮುಂದಿನ ರಮಝಾನ್‌ನಲ್ಲಿ ಝಕಾತಿನ ಹೊಸ ಪಟ್ಟಿ ಸಿದ್ಧವಾಗುವ ಮೊದಲೇ ಈ ಕೆಲಸ ಮುಗಿದಿರಲಿ. ಏಕೆಂದರೆ, ಆ ಪಟ್ಟಿಯಲ್ಲಿರುವ ವಿಧವೆಗೆ ತನ್ನ ಹೆಸರು ಯಾವ ಕಂಪ್ಯೂಟರಿನಲ್ಲಿದೆ ಎಂಬುದು ಗೊತ್ತಿಲ್ಲ. ಅದನ್ನು ಅರಿತಿರಬೇಕಾದವರು ಮತ್ತು ಕಾಯಬೇಕಾದವರು ನಾವು.